ಸೈಕಲ್ ಸವಾರರ ಜಾಕೆಟ್‌ಗೆ ತಿರುವು ಸೂಚಿಸುವ ದೀಪಗಳನ್ನು ಹೊಲಿಯುವಾಗ ಏನನ್ನು ಗಮನಿಸಬೇಕು?

ಇದಕ್ಕೆ ಒಳ್ಳೆಯ ಮಾದರಿ ಅಮೆರಿಕದ ಲಿಯಾ ಬ್ಯೂಕ್ಲಿ ಅವರ ಜಾಕೆಟ್. ಬಟ್ಟೆಗೆ ಹೊಲಿಯಬಹುದಾದ, 2007ರಲ್ಲಿ ಮಾರುಕಟ್ಟೆಗೆ ಬಂದ ಲಿಲಿಪ್ಯಾಡ್ ಆರ್ಡುಯಿನೊ ಎಂಬ, ದೀಪಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರಿನಂಥ ದುಂಡನೆಯ ಬೋರ್ಡನ್ನು ರೂಪಿಸಿದವರೂ ಅವರೇ. ಆ ಜಾಕೆಟ್‌ನ ಬೆನ್ನ ಮೇಲೆ ಎಡಕ್ಕೊಂದು ಬಲಕ್ಕೊಂದು ಎಲ್‌ಇಡಿ ಬಾಣ. ತೋಳಿನಲ್ಲಿರುವ ಗುಂಡಿ ಒತ್ತಿದರೆ ಆಯಾ ಬಾಣ ಮಿನುಗುತ್ತದೆ.

ಹೆಚ್ಚಿನವರು ಎಡವುವುದು ದಾರದಲ್ಲಿ. ವಿದ್ಯುತ್ ಹರಿಸುವ ಉಕ್ಕಿನ ದಾರಕ್ಕೆ ತಾಮ್ರದ ತಂತಿಗಿಂತ ರೋಧ, ಅಂದರೆ ವಿದ್ಯುತ್ ಹರಿವಿಗೆ ಒಡ್ಡುವ ತಡೆ, ಬಹಳ ಹೆಚ್ಚು. ಹೊಲಿಗೆಯ ಒಟ್ಟು ರೋಧ 20 ಓಮ್ ಇದ್ದು, ಸಮಾಂತರವಾಗಿ ಜೋಡಿಸಿದ ಐದು ಎಲ್‌ಇಡಿಗಳು ತಲಾ 20 ಮಿಲಿಆಂಪಿಯರ್ ಎಳೆಯುತ್ತವೆ ಎಂದುಕೊಂಡರೆ, ದಾರದಲ್ಲೇ 2 ವೋಲ್ಟ್ ಕಳೆದುಹೋಗುತ್ತದೆ, 3.7 ವೋಲ್ಟ್ ಬ್ಯಾಟರಿಯಲ್ಲಿ ಉಳಿಯುವ 1.7 ವೋಲ್ಟ್, ಸುಮಾರು 2 ವೋಲ್ಟ್ ಬೇಡುವ ಹಳದಿ ಎಲ್‌ಇಡಿಯನ್ನು ಸರಿಯಾಗಿ ಬೆಳಗಿಸಲಾರದು. ಆದ್ದರಿಂದ ಉದ್ದದ ಹಾದಿಗೆ ಮೆತ್ತನೆಯ ಸಿಲಿಕೋನ್ ಹೊದಿಕೆಯ ತಂತಿಯನ್ನೇ ಬಳಸಿ, ದಾರವನ್ನು ಗಿಡ್ಡ ಜೋಡಣೆಗಳಿಗಷ್ಟೇ ಉಳಿಸಿಕೊಳ್ಳುವುದು ಮೇಲು. ಗಂಟು ಹಾಕಿದ ಮೇಲೆ ಉಳಿಯುವ ದಾರದ ಬಾಲವನ್ನು ಗಿಡ್ಡವಾಗಿ ಕತ್ತರಿಸಿ ಅಂಟು ಹಚ್ಚಬೇಕು, ಇಲ್ಲವಾದರೆ ಬಟ್ಟೆ ಮಡಿಚಿದಾಗ ಅದು ಪಕ್ಕದ ಹೊಲಿಗೆಗೆ ತಾಗಿ ಶಾರ್ಟ್ ಆಗುತ್ತದೆ.

ಸವಾರನಿಗೆ ತನ್ನ ಬೆನ್ನು ಕಾಣದು. ದೀಪ ಉರಿಯುತ್ತಿದೆಯೋ ಆರಿದೆಯೋ ಎಂದು ತಿಳಿಯಲು ಮಣಿಕಟ್ಟಿನಲ್ಲೊಂದು ಪುಟ್ಟ ಎಲ್‌ಇಡಿ ಇರಲೇಬೇಕೆಂದು ನನ್ನ ಆಗ್ರಹ; ಆರಿಸಲು ಮರೆತ ಸೂಚಕ ಹಿಂದಿನವರನ್ನು ದಾರಿ ತಪ್ಪಿಸುತ್ತದೆ. ಮಿನುಗುವ ವೇಗವನ್ನು ವಾಹನಗಳಂತೆ ನಿಮಿಷಕ್ಕೆ 60ರಿಂದ 120ರೊಳಗೆ ಇಡಿ. ಬೆನ್ನಿಗೆ ಚೀಲ ಹಾಕುವವರು ಬಾಣಗಳನ್ನು ತೋಳುಗಳ ಹಿಂಬದಿಗೆ ಸರಿಸಬೇಕು. ಜಾಕೆಟ್ ಒಗೆಯುವ ಮುನ್ನ ತೆಗೆಯಲು ಬರುವಂತೆ ಬ್ಯಾಟರಿಯನ್ನು ಪ್ರೆಸ್ ಬಟನ್ ಇರುವ ಜೇಬಿನಲ್ಲಿಡಿ.