ಆಹಾರ, ವಿಟಮಿನ್ ಮಾತ್ರೆಗಳಿಂದ ಮೂರ್ಛೆರೋಗ ಹತೋಟಿಗೆ ಬರುತ್ತದೆಯೇ?

ಕೆಲವರಲ್ಲಿ ಆಹಾರದಿಂದ ನಿಜಕ್ಕೂ ಬರುತ್ತದೆ. ವಿಟಮಿನ್ ಮಾತ್ರೆಗಳಿಂದ ಸಾಮಾನ್ಯವಾಗಿ ಇಲ್ಲ. ಎರಡು ಬಗೆಯ ಔಷಧಿ ಕೊಟ್ಟರೂ ಫಿಟ್ಸ್ ನಿಲ್ಲದ ಮಕ್ಕಳಿಗೆ ವೈದ್ಯರು ಕೀಟೋಜೆನಿಕ್ ಪಥ್ಯ ಹೇಳುವುದುಂಟು: ಕೊಬ್ಬು ತುಂಬಾ ಹೆಚ್ಚು, ಪಿಷ್ಟ, ಸಕ್ಕರೆ ತೀರಾ ಕಡಿಮೆ. ಉಪವಾಸವಿದ್ದಾಗ ಫಿಟ್ಸ್ ತಗ್ಗುವುದನ್ನು ಕಂಡು, ಊಟ ಬಿಡದೆಯೇ ದೇಹವನ್ನು ಆ ಸ್ಥಿತಿಗೆ ತರಲು 1921ರಲ್ಲಿ ಹೊಳೆದ ಉಪಾಯವಿದು. ಸಕ್ಕರೆ ಸಾಲದಾದಾಗ ಯಕೃತ್ತು ಕೊಬ್ಬಿನಿಂದ ಕೀಟೋನ್ ತಯಾರಿಸುತ್ತದೆ. ಮಿದುಳು ಆ ಇಂಧನದಲ್ಲಿ ನಡೆಯುವಾಗ ನರಕೋಶಗಳ ಅತಿಯಾದ ಉದ್ರೇಕ ಇಳಿಯುತ್ತದೆ. ಮೂತ್ರಪಿಂಡದ ಕಲ್ಲಿನಂಥ ತೊಂದರೆಗಳೂ ಉಂಟು, ಹಾಗಾಗಿ ಮನೆಯಲ್ಲೇ ಪ್ರಯೋಗ ಬೇಡ.

ವಿಟಮಿನ್ ಬಿ6 ಮದ್ದಾಗುವುದು ಮುಖ್ಯವಾಗಿ ಅಪರೂಪದ ಆನುವಂಶಿಕ ಮೂರ್ಛೆಯಲ್ಲಿ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನಂಥ ಔಷಧಿ ವಿಟಮಿನ್ ಡಿ ತಗ್ಗಿಸುವುದರಿಂದ ಆ ವಿಟಮಿನ್ ಕೊಡುವುದು ಮೂಳೆಗಾಗಿ, ಫಿಟ್ಸಿಗಲ್ಲ. ಪಥ್ಯ ನಂಬಿ ಔಷಧಿಯನ್ನು ದಯವಿಟ್ಟು ಥಟ್ಟನೆ ನಿಲ್ಲಿಸಬೇಡಿ. ಫಿಟ್ಸ್ ಬಿಡದೆ ಬಂದು ಜೀವಕ್ಕೇ ಅಪಾಯವಾಗಬಹುದು.