ಪಶುಪಾಲನೆ ಪ್ರಶ್ನೋತ್ತರ: ಚುಚ್ಚುಮದ್ದಿಗೆ ಮೊದಲು ಗೋದಲಿ ನೋಡಿ

ಪ್ರಶ್ನೆ: ಪಶುಸಂಗೋಪನೆಯಲ್ಲಿ ಡಿಪ್ಲೊಮಾ ಮುಗಿಸಿ, ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಪಶುವೈದ್ಯರೊಬ್ಬರ ಮೇಲ್ವಿಚಾರಣೆಯಲ್ಲಿ ಕೆಲಸ ಕಲಿಯುತ್ತಿದ್ದೇನೆ. ದಿನಕ್ಕೆ 12 ಲೀಟರ್ ಕೊಡುವ ಸೀಮೆ ಹಸುವೊಂದರ ಹಾಲಿಗೆ ಡೇರಿಯಲ್ಲಿ ಫ್ಯಾಟ್ (ಕೊಬ್ಬಿನಂಶ) ಶೇ 3ರ ಆಸುಪಾಸಿಗೆ ಇಳಿದಿದೆ. ಜ್ವರವಿಲ್ಲ, ಮೇವು ಬಿಟ್ಟಿಲ್ಲ. ಮನೆಯವರು ಶಕ್ತಿಯ ಇಂಜೆಕ್ಷನ್ ಹಾಕಿ ಎಂದು ಒತ್ತಾಯಿಸುತ್ತಾರೆ. ನಾನು ಮೊದಲು ಏನು ನೋಡಬೇಕು?

ಉತ್ತರ: ಹಾಲಿನ ಪ್ರಮಾಣ ಹಾಗೆಯೇ ಉಳಿದು ಫ್ಯಾಟ್ ಮಾತ್ರ ಬಿದ್ದಿದ್ದರೆ ಮೊದಲ ಅನುಮಾನ ಮೇವಿನ ಮೇಲೆಯೇ ಹೋಗಬೇಕು. ಹಸು ತಿಂದ ನಾರು ಹೊಟ್ಟೆಯ ಮೊದಲ ಕೋಣೆಯಾದ ರೂಮೆನ್‌ನಲ್ಲಿ ಸೂಕ್ಷ್ಮಜೀವಿಗಳಿಂದ ಹುದುಗಿ ಅಸಿಟಿಕ್ ಆಮ್ಲವಾಗುತ್ತದೆ. ಕೆಚ್ಚಲು ಹಾಲಿನ ಕೊಬ್ಬನ್ನು ಕಟ್ಟಲು ಬಳಸುವ ಮುಖ್ಯ ಕಚ್ಚಾವಸ್ತು ಇದು. ನಾರು ಕಡಿಮೆಯಾಗಿ ಹಿಂಡಿ, ಪಶು ಆಹಾರ ಹೆಚ್ಚಾದರೆ ರೂಮೆನ್‌ನಲ್ಲಿ ಹುಳಿ ಏರುತ್ತದೆ, ಮೆಲುಕು ತಗ್ಗುತ್ತದೆ, ಫ್ಯಾಟ್ ಇಳಿಯುತ್ತದೆ. ಕೋಲಾರದ ಕಡೆ ಮಳೆಗಾಲದಲ್ಲಿ ಈ ದೂರು ಬರುವುದಕ್ಕೆ ಕಾರಣವೂ ಇದೆ. ಹಿಂದಿನ ಸುಗ್ಗಿಯ ರಾಗಿ ಹುಲ್ಲಿನ ಮೆದೆ ಅಷ್ಟರಲ್ಲಿ ತಳ ಕಂಡಿರುತ್ತದೆ. ಬದುವಿನ ಎಳೆಹುಲ್ಲು ಧಾರಾಳವಾಗಿ ಸಿಗುವುದರಿಂದ ಒಣಮೇವಿನ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಎಳೆಹುಲ್ಲಿನಲ್ಲಿ ನೀರು ಹೆಚ್ಚು, ಅಗಿದು ಮೆಲುಕು ಹಾಕುವಂಥ ಗಟ್ಟಿ ನಾರು ಕಡಿಮೆ.

ಆದ್ದರಿಂದ ಕೊಟ್ಟಿಗೆಗೆ ಹೋದವರು ಗೋದಲಿಯಲ್ಲಿ ಉಳಿದ ಮೇವನ್ನು ನೋಡಿ, ಸಗಣಿಯನ್ನು ನೋಡಿ, ಮಲಗಿರುವ ಹಸುಗಳಲ್ಲಿ ಎಷ್ಟು ಮೆಲುಕು ಹಾಕುತ್ತಿವೆ ಎಂದು ಎಣಿಸಿ. ನೆಮ್ಮದಿಯಾಗಿ ಮಲಗಿದ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿರಬೇಕು. ಸಗಣಿ ತೆಳ್ಳಗೆ ಹರಡಿ, ಅದರಲ್ಲಿ ಕಾಳಿನ ಚೂರು ಹಾಗೇ ಕಂಡರೆ ಅದೊಂದು ಸುಳಿವು. ಟೊಮೆಟೊ ಬೆಲೆ ಬಿದ್ದ ದಿನಗಳಲ್ಲಿ ಮಾರದೆ ಉಳಿದ ಹಣ್ಣನ್ನು ಬುಟ್ಟಿಗಟ್ಟಲೆ ಹಸುವಿಗೆ ಸುರಿಯುವವರಿದ್ದಾರೆ. ಅದನ್ನೂ ಕೇಳಿ ತಿಳಿಯಿರಿ.

ಇನ್ನು ಲೆಕ್ಕ. 450 ಕಿಲೋ ತೂಕದ ಹಸುವಿಗೆ ದೇಹತೂಕದ ಶೇ 3ರಂತೆ ದಿನಕ್ಕೆ ಸುಮಾರು 13.5 ಕಿಲೋ ಒಣಪದಾರ್ಥ (ಮೇವಿನ ನೀರಿನಂಶ ಕಳೆದು ಉಳಿಯುವ ಭಾಗ) ಬೇಕು. ಶರೀರ ಪೋಷಣೆಗೆ ಒಂದೂವರೆ ಕಿಲೋ, ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಎಂಬ ರೂಢಿಯ ಲೆಕ್ಕದಲ್ಲಿ 12 ಲೀಟರ್ ಹಸುವಿಗೆ ಪಶು ಆಹಾರ ಆರೂಕಾಲು ಕಿಲೋ ಆಯಿತು. ಅದರ ಜೊತೆಗೆ 20 ಕಿಲೋ ನೇಪಿಯರ್ ಹುಲ್ಲು, 4 ಕಿಲೋ ರಾಗಿ ಹುಲ್ಲು ಹಾಕಿದರೆ ಒಟ್ಟು ಒಣಪದಾರ್ಥ 13 ಕಿಲೋ ದಾಟುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೇವಿನಿಂದಲೇ ಬರುತ್ತದೆ. ರಾಗಿ ಹುಲ್ಲನ್ನು ಕೈಬಿಟ್ಟು ಆ ಜಾಗಕ್ಕೆ ಇನ್ನೆರಡು ಕಿಲೋ ಬೂಸಾ ಸೇರಿಸಿದರೆ ಈ ಸಮತೋಲ ಕೆಡುತ್ತದೆ. ತಿದ್ದುವಾಗಲೂ ಒಂದೇ ದಿನದಲ್ಲಿ ಬದಲಿಸಬೇಡಿ. ರೂಮೆನ್‌ನ ಜೀವಿಗಳು ಹೊಂದಿಕೊಳ್ಳಲು ಒಂದೆರಡು ವಾರ ಬೇಕಾಗುತ್ತದೆ.

ಹಾಲು ಕರೆಯುವಾಗಲೂ ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. ಮೊದಲು ಇಳಿಯುವ ಹಾಲಿನಲ್ಲಿ ಕೊಬ್ಬು ಅತಿ ಕಡಿಮೆ, ಕೊನೆಯ ಹಾಲಿನಲ್ಲಿ ಅದರ ಹಲವು ಪಟ್ಟು. ಕೊನೆಯ ಹಾಲನ್ನು ಕರುವಿಗೆ ಬಿಟ್ಟು, ಮೊದಲು ಕರೆದದ್ದನ್ನು ಡೇರಿಗೆ ಒಯ್ದರೆ ಆರೋಗ್ಯವಂತ ಹಸುವಿನ ಫ್ಯಾಟ್ ಕೂಡ ಕಡಿಮೆಯೇ ತೋರಿಸುತ್ತದೆ. ಕರುವಿನ ಪಾಲನ್ನು ತಪ್ಪಿಸಿ ಎಂದು ನಾನು ಹೇಳುತ್ತಿಲ್ಲ, ಅದಕ್ಕೆ ಅಳೆದು ಕುಡಿಸಬಹುದು. ಹಾಲಿನಲ್ಲಿ ಗರಣೆ ಕಂಡರೆ ಅಥವಾ ಒಂದು ಮೊಲೆಯಲ್ಲಿ ಮಾತ್ರ ಹಾಲು ತಗ್ಗಿದ್ದರೆ ಅದು ಕೆಚ್ಚಲು ಬಾವಿನ ಸೂಚನೆ; ಆಗ ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಪರೀಕ್ಷೆ ಮಾಡಿ ವೈದ್ಯರಿಗೆ ತಿಳಿಸಿ. ಮನೆಯವರನ್ನು ಸಮಾಧಾನಪಡಿಸುವುದಕ್ಕಾಗಿ ಇಂಜೆಕ್ಷನ್ ಹಾಕಬೇಡಿ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಡಿಪ್ಲೊಮಾ ಪಡೆದವರು ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಕಿರು ಸೇವೆಗಳನ್ನಷ್ಟೇ ಕೊಡಬಹುದು. ಅದನ್ನು ಬಿಟ್ಟರೂ, ಬೇಡದ ಔಷಧದ ಹಣ ಆ ಬಡ ಮನೆಯವರ ಜೇಬಿನಿಂದಲೇ ಹೋಗುತ್ತದೆ.

ಪ್ರಶ್ನೆ: ಜಂತುನಾಶಕ ಕೊಡುವಾಗ ಹಸುವಿನ ತೂಕವನ್ನು ಕಣ್ಣಳತೆಯಲ್ಲೇ ಅಂದಾಜು ಮಾಡುತ್ತೇವೆ. ಇದು ಸರಿಯೇ? (ಗುಬ್ಬಿಯ ಓದುಗರು)

ಉತ್ತರ: ಸರಿಯಲ್ಲ. ತೂಕವನ್ನು ಕಡಿಮೆ ಅಂದಾಜು ಮಾಡಿ ಅರೆಬರೆ ಔಷಧ ಕೊಟ್ಟರೆ, ಉಳಿದುಕೊಂಡ ಜಂತುಗಳ ಸಂತತಿಗೆ ಅದೇ ಔಷಧ ನಾಟದಂತಾಗುತ್ತದೆ. ಒಂದು ಟೇಪು ಜೇಬಿನಲ್ಲಿದ್ದರೆ ಸಾಕು. ಹಸುವನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂಗಾಲಿನ ಹಿಂಬದಿಯಲ್ಲಿ ಎದೆಯ ಸುತ್ತಳತೆಯನ್ನೂ, ಭುಜದ ಮೂಳೆಯ ತುದಿಯಿಂದ ಬಾಲದ ಬುಡದ ಪಕ್ಕದಲ್ಲಿ ಉಬ್ಬಿರುವ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ತೂಕ ಪೌಂಡಿನಲ್ಲಿ ಸಿಗುತ್ತದೆ, 2.2ರಿಂದ ಭಾಗಿಸಿದರೆ ಕಿಲೋ. ಸುತ್ತಳತೆ 68, ಉದ್ದ 58 ಇಂಚು ಇದ್ದರೆ ಸುಮಾರು 405 ಕಿಲೋ. ತುಂಬು ಗಬ್ಬದ ಹಸುಗಳಲ್ಲಿ ಈ ಲೆಕ್ಕ ಅಷ್ಟು ನಿಖರವಾಗಿ ಕೂಡುವುದಿಲ್ಲ.

ಪ್ರಶ್ನೆ: ಕರು ಹಾಕಿದ ಹಸುವಿನ ಕಸ (ಮಾಸು) ಬೀಳುವವರೆಗೆ ಕರುವಿಗೆ ಗಿಣ್ಣು ಹಾಲು ಕುಡಿಸಬಾರದು ಎಂದು ನಮ್ಮೂರಿನ ಹಿರಿಯರು ಹೇಳುತ್ತಾರೆ. ಅವರಿಗೆ ಏನು ಉತ್ತರ ಹೇಳಲಿ? (ಚಿಂತಾಮಣಿಯ ವಿದ್ಯಾರ್ಥಿನಿ)

ಉತ್ತರ: ಗೌರವದಿಂದಲೇ, ಆದರೆ ಸ್ಪಷ್ಟವಾಗಿ, ಕಾಯಬೇಡಿ ಎಂದು ಹೇಳಿ. ಹಸುವಿನ ಗರ್ಭದಲ್ಲಿ ತಾಯಿಯ ರಕ್ತದಿಂದ ಕರುವಿಗೆ ರೋಗನಿರೋಧಕ ಕಣಗಳು ದಾಟುವುದಿಲ್ಲ. ಅವೆಲ್ಲವೂ ಗಿಣ್ಣಿನ ಮೂಲಕವೇ ಬರಬೇಕು. ಆ ಕಣಗಳನ್ನು ಹಾಗೆಯೇ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಹುಟ್ಟಿದ ಗಳಿಗೆಯಲ್ಲಿ ಅತಿ ಹೆಚ್ಚಾಗಿದ್ದು, ಗಂಟೆಗಂಟೆಗೂ ಕುಗ್ಗುತ್ತಾ 24 ಗಂಟೆಗಳಲ್ಲಿ ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಕಸ ಬೀಳಲು ಹನ್ನೆರಡು ಗಂಟೆ ಹಿಡಿಯಬಹುದು. ಅಷ್ಟರಲ್ಲಿ ಆ ಅವಕಾಶದ ಬಹುಪಾಲು ಕೈತಪ್ಪಿರುತ್ತದೆ. ಆಮೇಲೆ ಭೇದಿ, ನ್ಯುಮೋನಿಯಾ ಬಂದು ಕರು ಸತ್ತಾಗ ಹಣೆಬರಹವನ್ನು ದೂರುವುದನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ. ಕರುವಿನ ತೂಕದ ಹತ್ತನೇ ಒಂದು ಭಾಗ, ಅಂದರೆ 30 ಕಿಲೋ ಕರುವಿಗೆ 3 ಲೀಟರ್ ಗಿಣ್ಣನ್ನು ಮೊದಲ ದಿನವೇ ಕುಡಿಸಬೇಕು. ಅದರಲ್ಲಿ ಅರ್ಧವನ್ನು ಹುಟ್ಟಿದ ಎರಡು ಗಂಟೆಯೊಳಗೆ ಕೊಡುವುದು ಒಳ್ಳೆಯದು. ಕರು ಚೀಪಿದಾಗ ತಾಯಿಯ ದೇಹದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಸ್ರವಿಸಿ ಗರ್ಭಕೋಶ ಸಂಕುಚಿಸುತ್ತದೆ, ಅದರಿಂದ ಕಸ ಬೀಳುವುದಕ್ಕೂ ಸಹಾಯವೇ ಆಗುತ್ತದೆ ಎಂಬ ಮಾತನ್ನು ಹಿರಿಯರ ಮುಂದೆ ಮೊದಲು ಇಡಿ. ಅವರ ಆತಂಕ ಇರುವುದು ಆ ಕಸದ ಬಗ್ಗೆಯೇ.