ಪ್ರತಿಕ್ರಿಯೆ: ವಿದ್ಯಾರ್ಥಿಗಳ ಟಿಪ್ಪಣಿಗಳು ದಿನದಿನವೂ ಒಂದೇ ಆಗಿರುವುದೇಕೆ?

ನಿಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಆಸ್ಪತ್ರೆಯ ಗಣಕೀಕೃತ ದಾಖಲೆಯಲ್ಲಿ ರೋಗಿಯ ಸ್ಥಿತಿಯ ಬಗ್ಗೆ ದಿನವೂ ಬರೆಯುವ ಟಿಪ್ಪಣಿಗಳಲ್ಲಿ ಮೂರನೆಯ ದಿನದ್ದೂ ಮೊದಲ ದಿನದ ಪಡಿಯಚ್ಚಾಗಿದೆ, ಏಕೆ ಎಂದು ಕೇಳಿದ್ದೀರಿ. ಇದಕ್ಕೆ ವಿದ್ಯಾರ್ಥಿಗಳ ಸೋಮಾರಿತನಕ್ಕಿಂತ, ಹಳೆಯ ಟಿಪ್ಪಣಿಯನ್ನು ನಕಲಿಸಿ ಅದರ ಮೇಲೆಯೇ ತಿದ್ದುವ ರೂಢಿ ಬಹುಶಃ ಕಾರಣ. ಜ್ವರ ಇಳಿದ ಮೇಲೂ ‘ಜ್ವರವಿದೆ’ ಎಂಬ ಸಾಲು ಉಳಿಯುವುದು ಹೀಗೆಯೇ.

ವಿದ್ಯಾರ್ಥಿಗಳು ಸ್ನಾತಕೋತ್ತರ ವೈದ್ಯರ ಲಾಗಿನ್ ಬಳಸುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಔಷಧ ಆದೇಶಿಸುವ ಅಧಿಕಾರವಿಲ್ಲದ ಪ್ರತ್ಯೇಕ ಖಾತೆಗಳನ್ನು ಕೊಡಿಸಿ. ಅನಂತರ, ರೋಗಿಯನ್ನು ನೋಡಿ ಬಂದ ಕೂಡಲೇ, ಹಳೆಯ ಟಿಪ್ಪಣಿಯನ್ನು ತೆರೆಯದೆ, ರೋಗಿ ಹೇಳಿದ್ದು, ತಾವು ಕಂಡದ್ದು, ರೋಗದ ಬಗ್ಗೆ ತಮ್ಮ ನಿರ್ಣಯ, ಮುಂದಿನ ಯೋಜನೆ ಎಂಬ ‘ಸೋಪ್’ (SOAP, ಇವುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳು) ಕ್ರಮದ ನಾಲ್ಕು ಭಾಗಗಳನ್ನು ಖಾಲಿ ಪುಟದಲ್ಲಿ ಬರೆಸಿ. ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1960ರ ದಶಕದಲ್ಲಿ ಕಾಗದದ ಕಡತಗಳಿಗಾಗಿ ರೂಪಿಸಿದ, ರೋಗಿಯ ಒಂದೊಂದು ಸಮಸ್ಯೆಯನ್ನೂ ಆಧರಿಸಿ ದಾಖಲಿಸುವ ಈ ವಿಧಾನ ಪರದೆಯ ಮೇಲೂ ಹಳತಾಗಿಲ್ಲ. ಪ್ರಯೋಗಾಲಯದ ಫಲಿತಾಂಶಗಳನ್ನೆಲ್ಲ ಎಳೆದು ತುಂಬಿಸದೆ, ಅಂದಿನ ನಿರ್ಧಾರವನ್ನು ಬದಲಿಸಿದವುಗಳನ್ನು ಮಾತ್ರ ಕಾರಣಸಹಿತ ಬರೆಯಲು ಹೇಳಿ. ನೀವು ತಿದ್ದುವಾಗ ನಿರ್ಣಯದ ಭಾಗವನ್ನೇ ಮೊದಲು ಓದಿ. ಯೋಚಿಸದೆ ಬರೆದದ್ದು ಅಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ.

ಸಹಿಯ ವಿಷಯದಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ನಿಯಮ ಒಳ್ಳೆಯ ಮಾದರಿ. ವಿದ್ಯಾರ್ಥಿಯ ಟಿಪ್ಪಣಿಯನ್ನು ಪುನಃ ಬರೆಯದೆ ಪರಿಶೀಲಿಸಿ ಸಹಿ ಮಾಡಲು ಬೋಧಕ ವೈದ್ಯರಿಗೆ ಅದು 2018ರಿಂದ ಅನುಮತಿಸಿದೆ. ಆದರೆ ದೈಹಿಕ ಪರೀಕ್ಷೆಯನ್ನೂ ಚಿಕಿತ್ಸಾ ನಿರ್ಧಾರವನ್ನೂ ಬೋಧಕರು ಸ್ವತಃ ಮಾಡಿರಬೇಕು. ನಿಮ್ಮ ತಂತ್ರಾಂಶದಲ್ಲಿ ವಿದ್ಯಾರ್ಥಿಯ ಟಿಪ್ಪಣಿಗೆ ಬೋಧಕರು ಹೀಗೆ ಮೇಲುಸಹಿ ಹಾಕುವ ಸೌಲಭ್ಯವಿದೆಯೇ ಎಂಬುದು ಪ್ರಶ್ನೆಯಿಂದ ಸ್ಪಷ್ಟವಾಗುವುದಿಲ್ಲ. ಇಲ್ಲದಿದ್ದರೆ, ವಿದ್ಯಾರ್ಥಿಗಳಿಂದ ತಂತ್ರಾಂಶದ ತರಬೇತಿ ಆವೃತ್ತಿಯಲ್ಲಷ್ಟೇ ಬರೆಸಿ, ರೋಗಿಯ ನಿಜವಾದ ದಾಖಲೆಯಲ್ಲಿ ಬೇಡ.